ಲ್ಯಾಬ್ ಡೈರಿ – ಭಾಗ 6: ನನ್ನ ಗಾಜು ಕರಗಿ ಹೋಯ್ತು

ಮೊದಲ ಫೋಟೋ ನೋಡಿ. ಕಲ್ಲುಸಕ್ಕರೆ ತರ ಹೊಳೀತಿರೋ ತುಂಡು. ಈಗ ಸ್ವೈಪ್ ಮಾಡಿ. ಬೆಲ್ಲದ ಪಾಕ ಚೆಲ್ಲಿದ ಹಾಗಿದೆ ಅಲ್ವಾ? ಎರಡೂ ಒಂದೇ ಸ್ಯಾಂಪಲ್. ನಡುವೆ ಇದ್ದದ್ದು ನಾಲ್ಕು ದಿನ, ಮಂಗಳೂರಿನ ಜುಲೈ ಮಳೆ, ಮತ್ತೆ ನನ್ನ ಮರೆವು.

ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ನಾನು ತಗೊಂಡಿದ್ದು ಫಾಸ್ಫೇಟ್ ಗಾಜು. ಮೊದಲ ಬ್ಯಾಚ್ ಸಿಂಪಲ್. ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್ ಪುಡಿಯನ್ನ ಕ್ರೂಸಿಬಲ್‌ಗೆ ಹಾಕಿ, 800 ಡಿಗ್ರಿಯಲ್ಲಿ ಕರಗಿಸಿ, ತಣ್ಣಗಿರೋ ಸ್ಟೀಲ್ ತಟ್ಟೆ ಮೇಲೆ ಸುರಿಯೋದು. ಅಷ್ಟು ಬೇಗ ತಣಿದರೆ ಪರಮಾಣುಗಳಿಗೆ ಸಾಲಾಗಿ ನಿಲ್ಲೋಕೆ ಟೈಮೇ ಸಿಗಲ್ಲ, ಎಲ್ಲಿದ್ವೋ ಅಲ್ಲೇ ಗಟ್ಟಿಯಾಗ್ತವೆ. ಅಮಾರ್ಫಸ್ ಅಂದ್ರೆ ಇದೇ. ಮೂರನೇ ಫೋಟೋದಲ್ಲಿ ಎಕ್ಸ್‌ಆರ್‌ಡಿ ಗ್ರಾಫ್ ಇದೆ: ಚೂಪಾದ ಪೀಕ್ ಒಂದೂ ಇಲ್ಲ, ಅಗಲವಾದ ಒಂದು ದಿಬ್ಬ ಮಾತ್ರ. "ಮೇಡಂ, ಏನೂ ಬಂದಿಲ್ಲ" ಅಂದೆ. "ಪೀಕ್ ಬರದಿದ್ರೇನೇ ಅದು ಗಾಜು ಕಣಮ್ಮ" ಅಂತ ನಕ್ಕರು.

ಅದೇ ಸಂಜೆ ಮನೆಯಿಂದ ಫೋನ್. ಹೋದ ವರ್ಷ ಅಪ್ಪ ಬೈಕಿಂದ ಬಿದ್ದು ಕಾಲು ಮುರಿದಾಗ ಒಂದು ಪ್ಲೇಟ್, ಆರು ಸ್ಕ್ರೂ ಹಾಕಿದ್ರು. ಅದು ನೋವು ಕೊಡ್ತಿತ್ತು, ತೆಗೆಸಲೇಬೇಕು ಅಂದ್ರು. ಸ್ಯಾಂಪಲ್‌ನ ಡೆಸಿಕೇಟರ್‌ಗೆ ಹಾಕೋದು ಮರೆತು ರಾತ್ರಿ ಬಸ್ ಹತ್ತಿದೆ. ಎರಡನೇ ಆಪರೇಷನ್ ಖರ್ಚಿಗೆ ಅಮ್ಮ ಒಂದು ಹಸು ಮಾರಿದ್ರು. ಯಾವುದು ಅಂತ ನಾನು ಕೇಳಲಿಲ್ಲ. ಕೊಟ್ಟಿಗೆ ನೋಡಿದ್ರೆ ಗೊತ್ತಾಗ್ತಿತ್ತು.

ವಾಪಸ್ ಬಂದಾಗ ಗಾಜು ಅಂಟಾಗಿತ್ತು. ಯಾಕೆ?

ಕಿಟಕಿ ಗಾಜಿನ ಬುನಾದಿ ಸಿಲಿಕಾ. ಶುದ್ಧ ಸಿಲಿಕಾದಲ್ಲಿ ಪ್ರತಿ ಸಿಲಿಕಾನ್ ಸುತ್ತ ಇರೋ ನಾಲ್ಕೂ ಆಕ್ಸಿಜನ್‌ಗಳು ಪಕ್ಕದವರ ಕೈ ಹಿಡಿದಿರ್ತವೆ. ರಂಜಕದ ಸುತ್ತಾನೂ ನಾಲ್ಕೇ, ಆದ್ರೆ ಒಂದು ಆಕ್ಸಿಜನ್ ಡಬಲ್ ಬಾಂಡ್ ಮಾಡ್ಕೊಂಡು ಪಕ್ಕದವರಿಗೆ ಸಿಗಲ್ಲ. ನನ್ನ ಗಾಜಿನಲ್ಲಿ ಸೋಡಿಯಂ ಬೇರೆ ಸೇರಿ, ಕೈ ಹಿಡಿಯೋಕೆ ಉಳಿಯೋದು ಎರಡೇ. ಬಲೆ ಆಗಲ್ಲ, ಬರೀ ಸರಪಳಿ. ನೀರು ಆ ಸರಪಳಿಗಳ ನಡುವೆ ಸುಲಭವಾಗಿ ನುಗ್ಗುತ್ತೆ, ನಿಧಾನಕ್ಕೆ ಕೊಂಡಿಗಳನ್ನೂ ಕತ್ತರಿಸುತ್ತೆ.

ಬೈಸಿಕೊಳ್ಳೋಕೆ ರೆಡಿಯಾಗೇ ಹೋದೆ. ಮೇಡಂ ಕೇಳಿದ್ದು ಒಂದೇ: "ಕರಗೋದು ಯಾವಾಗಲೂ ದೋಷಾನಾ?"

ಆ ವಾರ ಪೂರ್ತಿ ಓದಿದೆ. ನನ್ನ ಮೊದಲ ಬ್ಯಾಚ್‌ಗೆ ಗ್ರಹಾಂಸ್ ಸಾಲ್ಟ್ ಅಂತ ಹೆಸರೇ ಇದೆ. ಥಾಮಸ್ ಗ್ರಹಾಂ 1833ರಲ್ಲೇ ಇದರ ಬಗ್ಗೆ ಬರೆದಿದ್ರು. ನೀರಲ್ಲಿ ಕರಗಿದ ಆ ಸರಪಳಿಗಳು ಕ್ಯಾಲ್ಸಿಯಂನ ಹಿಡಿದಿಟ್ಕೊಳ್ತವೆ, ಅದಕ್ಕೇ ಗಡಸು ನೀರು ಮೆದು ಮಾಡೋಕೆ ಬಳಸ್ತಾರೆ. ಬ್ರಿಟನ್‌ನಲ್ಲಿ ದನ, ಕುರಿಗಳಿಗೆ ತಾಮ್ರ, ಕೋಬಾಲ್ಟ್, ಸೆಲೆನಿಯಂ ಬೆರೆಸಿದ ಫಾಸ್ಫೇಟ್ ಗಾಜಿನ ಗುಳಿಗೆ ನುಂಗಿಸ್ತಾರೆ. ಅದು ಹೊಟ್ಟೆಯಲ್ಲೇ ಕೂತು ಸುಮಾರು ಆರು ತಿಂಗಳು ಕರಗ್ತಾ, ಬೇಕಾದ ಖನಿಜ ಸ್ವಲ್ಪ ಸ್ವಲ್ಪ ಕೊಡುತ್ತೆ. ಇದನ್ನ ಓದುವಾಗ ನಮ್ಮ ಕೊಟ್ಟಿಗೆಯ ಖಾಲಿ ಗೂಟ ಕಣ್ಮುಂದೆ ಬಂತು.

ಆಮೇಲೆ ಸಿಕ್ಕಿದ್ದು ಮೂಳೆಯ ವಿಷಯ. ನಮ್ಮ ಮೂಳೆಯ ಖನಿಜಾನೂ ಕ್ಯಾಲ್ಸಿಯಂ ಫಾಸ್ಫೇಟೇ. ಫಾಸ್ಫೇಟ್ ಗಾಜಿನ ಎಳೆಗಳನ್ನ ದೇಹದಲ್ಲಿ ಕರಗೋ ಪ್ಲಾಸ್ಟಿಕ್ ಜೊತೆ ಸೇರಿಸಿ, ಮೂಳೆ ಕೂಡೋವರೆಗೆ ಇದ್ದು ಆಮೇಲೆ ಕರಗಿ ಹೋಗೋ ಪ್ಲೇಟ್ ಮಾಡೋಕೆ ಸಂಶೋಧನೆ ನಡೀತಿದೆ. ಗಾಜಿಗೆ ಕ್ಯಾಲ್ಸಿಯಂ ಸೇರಿಸಿದ್ರೆ ಅದು ಎರಡು ಸರಪಳಿಗಳನ್ನ ಕಟ್ಟಿ ಹಾಕುತ್ತೆ. ಕಬ್ಬಿಣ, ಟೈಟಾನಿಯಂ ಸೇರಿಸಿದ್ರೆ ಇನ್ನೂ ಬಿಗಿ. ರೆಸಿಪಿ ಬದಲಾಯಿಸಿ, ಕರಗೋ ಅವಧಿನ ಕೆಲವು ಗಂಟೆಗಳಿಂದ ಕೆಲವು ವರ್ಷಗಳವರೆಗೂ ಎಳೆಯಬಹುದು.

ಅಪ್ಪನ ಕಾಲಿನಂಥ, ಮೈಭಾರ ಹೊರೋ ಮೂಳೆಗೆ ಇದು ಸುಲಭ ಅಲ್ಲ. ಒದ್ದೆಯಾದ್ರೆ ಎಳೆಗಳ ಬಲ ಬೇಗ ಕಮ್ಮಿ ಆಗುತ್ತೆ, ಮೂಳೆ ಕೂಡೋಕೆ ಮೊದಲೇ ಸೋಲಬಾರದಲ್ಲ. ನನ್ನ ಪ್ರಾಜೆಕ್ಟ್ ಇದನ್ನೆಲ್ಲ ಬಿಡಿಸಲ್ಲ, ಅದೂ ಗೊತ್ತು. ಆದ್ರೂ ಎರಡನೇ ಬ್ಯಾಚ್‌ಗೆ ಕ್ಯಾಲ್ಸಿಯಂ ಹಾಕಿದೀನಿ. ಕೊನೆ ಫೋಟೋ ಅದೇ. ಒಂದು ತುಂಡು ಡೆಸಿಕೇಟರ್‌ನಲ್ಲಿ ಭದ್ರವಾಗಿದೆ. ಇನ್ನೊಂದನ್ನ ಬೇಕಂತಲೇ 37 ಡಿಗ್ರಿ ನೀರಲ್ಲಿ ಮುಳುಗಿಸಿ ದಿನಾ ತೂಕ ನೋಡ್ತಿದೀನಿ.

ಅಪ್ಪಂಗೆ ಫೋನಲ್ಲಿ ಇದನ್ನೆಲ್ಲ ಹೇಳಿದೆ. "ಕರಗೋ ಗಾಜಾ? ಬೇಗ ಕಂಡುಹಿಡಿ ಮಗಾ, ಇನ್ನೊಂದು ಕಾಲು ಇನ್ನೂ ಬಾಕಿ ಇದೆ" ಅಂದ್ರು 😅

ನಿಮ್ಮ ಹತ್ರಾನೂ ಇಂಥ "ಹಾಳಾದ" ಸ್ಯಾಂಪಲ್ ಇದ್ರೆ ಕಾಮೆಂಟಲ್ಲಿ ಹೇಳಿ. ಬಿಸಾಡೋಕೆ ಮುಂಚೆ ಯಾಕೆ ಹಾಳಾಯ್ತು ಅಂತ ಒಂದ್ಸಲ ನೋಡಿ.

ಭಾಗ 7: 37 ಡಿಗ್ರಿ ನೀರಿನ ರಿಸಲ್ಟ್.

#ಲ್ಯಾಬ್‌ಡೈರಿ #ಕನ್ನಡದಲ್ಲಿ_ವಿಜ್ಞಾನ #ಫಾಸ್ಫೇಟ್‌ಗಾಜು