ಅರವತ್ತು ಸೆಕೆಂಡಿನ ಸೇನಾಪತಿ!

ಅಣ್ಣ ಮಿಲಿಟರಿಯಲ್ಲಿದ್ದಾನೆ, ನಾನೋ ಪಿಯುಸಿ ಬಿಟ್ಟ ಲಿಂಗಸುಗೂರಿನ ಬರಹಗಾರ! ಸಿಂಧನೂರಿನ ಗೆಳೆಯನ ಕಂಪ್ಯೂಟರಿನಲ್ಲಿ ನಾನೂ ಸೇನಾಪತಿಯಾದೆ. ಆಟ, 2007ರ 'ಕಾಂಬ್ಯಾಟ್ ಮಿಷನ್: ಶಾಕ್ ಫೋರ್ಸ್'. ಮೊದಲು ಆಜ್ಞೆ ಕೊಡಬೇಕು. ಆಮೇಲೆ ಅರವತ್ತು ಸೆಕೆಂಡು ಸುಮ್ಮನೆ ನೋಡಬೇಕು.

'ಮುತ್ತಿನ ಹಾರ'ದ (1990) ವಿಷ್ಣುವರ್ಧನ್‌ರನ್ನು ನೆನೆದು ಒಂಬತ್ತು ಜನರನ್ನು ಬಯಲಿನಲ್ಲಿ ಓಡಿಸಿದೆ. ನಿಮಿಷದೊಳಗೆ ಎಲ್ಲರೂ ಮಲಗಿದರು!

"ಲೇ ತಮ್ಮಾ, ಇದು ಸಿನಿಮಾ ಅಲ್ಲ. ಅರ್ಧ ಮಂದಿ ಗುಂಡು ಹೊಡೆದು ವೈರಿ ತಲೆ ಎತ್ತದಂಗ ಮಾಡಬೇಕು, ಉಳಿದವರು ಆಗ ಸರೀಬೇಕು," ಅಂದ ಗೆಳೆಯ.

ಹಾಗೇ ಮಾಡಿದೆ. ಗೆದ್ದೆ, ಆದರೆ ಇಬ್ಬರು ಏಳಲಿಲ್ಲ.

ಮರಳುವ ಬಸ್ಸು ಮಸ್ಕಿಯಲ್ಲಿ ನಿಂತಿತು. ಕಳಿಂಗ ಗೆದ್ದು ಮರುಗಿದ ಅಶೋಕನ ಹೆಸರು ಕೊರೆದ, 1915ರಲ್ಲಿ ಪತ್ತೆಯಾದ ಬಂಡೆ ಇರುವುದು ಈ ಊರಲ್ಲೇ!

ಬಸ್ಸಿನಿಂದಲೇ ಅಣ್ಣನಿಗೆ ಫೋನು ಹಚ್ಚಿದೆ. "ಊಟ ಆಯ್ತೇನಣ್ಣಾ?" ಅಂದೆ. ಬೇರೇನೂ ಕೇಳಲಾಗಲಿಲ್ಲ.