ಬಚ್ಚಲಮನೆಯ ಬೂಷ್ಟು

ಧನಗೆರೆಯ ನಮ್ಮ ಮನೆಯ ಹಳೆಯ ಬಚ್ಚಲು ಹಿತ್ತಲಿನ ಮೂಲೆಯಲ್ಲಿ, ನಾಡಹೆಂಚಿನ ಮಾಡಿನ ಕೆಳಗೆ ಇದ್ದಿತು. ಒಲೆಯ ಮೇಲೆ ತಾಮ್ರದ ಹಂಡೆಯನ್ನು ಹೂತು ಕಟ್ಟಿದ್ದರು. ಬೆಳಗಿನ ಜಾವಕ್ಕೇ ಹಿಪ್ಪುನೇರಳೆಯ ಒಣಕಡ್ಡಿಯನ್ನೂ ತೆಂಗಿನ ಮಟ್ಟೆಯನ್ನೂ ಒಟ್ಟಿ ಉರಿಹಾಕಿದರೆ ಮಧ್ಯಾಹ್ನದವರೆಗೆ ಕೆಂಡ ಆರುತ್ತಿರಲಿಲ್ಲ. ಹೊಗೆ ಕಣ್ಣಿಗೆ, ಮಸಿ ಬಟ್ಟೆಗೆ. ಅದನ್ನು ಶಪಿಸದ ದಿನವಿರಲಿಲ್ಲ. ಐದು ವರ್ಷಗಳ ಹಿಂದೆ ಅದನ್ನು ಕೆಡವಿಸಿ, ಮನೆಯೊಳಗೇ ಹೊಸ ಸ್ನಾನದ ಮನೆಯನ್ನು ಕಟ್ಟಿಸಿದೆವು. ಎದೆಮಟ್ಟಕ್ಕೆ ಹೊಳೆಯುವ ಟೈಲ್ಸು, ಮೇಲೆ ಸಿಮೆಂಟಿನ ಗೋಡೆಗೆ ನುಣುಪು ಬಣ್ಣ, ತಿರುಗಿಸಿದರೆ ಬಿಸಿನೀರು. ಕಿಟಕಿಯೊಂದು ಮೊಳದಷ್ಟು ಅಗಲವಿದ್ದಿತು. ಹಲ್ಲಿ ಸೊಳ್ಳೆಗಳ ಭಯದಿಂದ ಅದನ್ನೂ ಮುಚ್ಚಿಯೇ ಇಟ್ಟೆವು.

ನಮ್ಮ ಕೊಳ್ಳೇಗಾಲದ ಸೀಮೆಯಲ್ಲಿ ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳಲ್ಲಿಯೇ ಮಳೆ ಹೆಚ್ಚು. ಎರಡನೆಯ ವರ್ಷದ ಆ ಮಳೆಯಲ್ಲಿ ಚಾವಣಿಯ ಮೂಲೆಯಲ್ಲಿ ಎಳ್ಳು ಚೆಲ್ಲಿದಂತೆ ಕರಿಯ ಚುಕ್ಕೆಗಳು ಕಂಡವು. ಬೂಷ್ಟೆಂದು ತಿಳಿದೂ ಅಲಕ್ಷ್ಯಮಾಡಿದೆವು. ದೀಪಾವಳಿಗೆ ಮಾದಪ್ಪನ ಬೆಟ್ಟಕ್ಕೆ ಹೋಗುವ ನೆಂಟರು ನಮ್ಮಲ್ಲಿ ಇಳಿಯುವುದು ವಾಡಿಕೆ. ಅವರ ಕಣ್ಣಿಗೆ ಬೀಳಬಾರದೆಂದು ಚುಕ್ಕೆಗಳ ಮೇಲೆಯೇ ಬಣ್ಣ ಬಳಿಸಿದೆವು. ನೆಂಟರು ಮೆಚ್ಚಿಕೊಂಡು ಹೋದರು. ಮೂರು ವಾರದಲ್ಲಿ ಬಣ್ಣ ಹಪ್ಪಳದಂತೆ ಎದ್ದು, ಕೆಳಗಿನ ಕಪ್ಪು ಮೊದಲಿಗಿಂತ ಅಗಲವಾಗಿ ಹೊರಬಂದಿತು.

ಆ ಚಳಿಗಾಲದಲ್ಲಿಯೇ ನಮ್ಮ ತಾಯಿಯವರ ಉಬ್ಬಸ ಹೆಚ್ಚಿತು. ವೈದ್ಯರು ಎದೆಯನ್ನು ಪರೀಕ್ಷಿಸಿದ ಮೇಲೆ ಕೇಳಿದ ಮೊದಲ ಪ್ರಶ್ನೆ, ಮನೆಯಲ್ಲಿ ತೇವವುಂಟೆ ಎಂಬುದು. ತೇವವೂ ಬೂಷ್ಟೂ ಇರುವ ಮನೆಗಳಲ್ಲಿ ಉಬ್ಬಸ ಮೊದಲಾದ ಶ್ವಾಸದ ತೊಂದರೆಗಳು ಹೆಚ್ಚೆಂಬುದನ್ನು ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿಯೇ ಪ್ರಕಟಿಸಿದೆಯೆಂದು ನಾವು ಆಮೇಲೆ ಓದಿದೆವು. ಅಂದು ಮಾತ್ರ ನಾಚಿಕೆಯಿಂದ ತಲೆ ತಗ್ಗಿಸಿ ಬಂದೆವು.

ನಾಚಿಕೆಯು ಅವಸರವನ್ನೂ ಅವಸರವು ಅವಿವೇಕವನ್ನೂ ತಂದಿತು. ಮರುದಿನವೇ ಬಕೆಟ್ಟಿನಲ್ಲಿ ಬ್ಲೀಚಿಂಗ್ ಪುಡಿಯನ್ನು ಕದಡಿ ಗೋಡೆಗೆ ಎರಚಿದೆವು. ಸಾಲದೆಂದು ತೋರಿ, ಕಕ್ಕಸು ತೊಳೆಯುವ ಆಸಿಡ್ಡನ್ನೂ ಅದರ ಮೇಲೆಯೇ ಸುರಿದೆವು. ಒಂದೆರಡು ಉಸಿರಿಗೇ ಗಂಟಲು ಹಿಡಿದುಕೊಂಡಿತು, ಕಣ್ಣು ಕಾಣದಾಯಿತು. ಹೊರಗೋಡಿ ಬರುವ ವೇಳೆಗೆ ಘಾಟು ಪಕ್ಕದ ಕೋಣೆಯಲ್ಲಿ ಮಲಗಿದ್ದ ತಾಯಿಯವರನ್ನು ಮುಟ್ಟಿದ್ದಿತು. ನಮ್ಮ ಮನೆಯಾಕೆ ಅವರನ್ನು ಎತ್ತಿಕೊಂಡೇ ಅಂಗಳಕ್ಕೆ ತಂದಳು. ಆ ರಾತ್ರಿಯನ್ನು ಅವರು ಆಸ್ಪತ್ರೆಯಲ್ಲಿ, ಮೂಗಿಗೆ ಆಮ್ಲಜನಕದ ನಳಿಗೆಯೊಂದಿಗೆ ಕಳೆದರು. ಬ್ಲೀಚಿಂಗ್ ಪುಡಿಗೆ ಆಮ್ಲ ಸೇರಿದರೆ ಹುಟ್ಟುವುದು ಕ್ಲೋರಿನ್ ಅನಿಲ. 1915ರಲ್ಲಿ ಈಪ್ರ್ ಎಂಬಲ್ಲಿ ಜರ್ಮನರು ಶತ್ರುಗಳ ಕಂದಕಗಳ ಮೇಲೆ ಬಿಟ್ಟುದೂ ಇದನ್ನೇ. ಅದನ್ನು ನಾವು ನಮ್ಮ ಮನೆಯಲ್ಲಿ, ಹೆತ್ತ ತಾಯಿಯ ಮೇಲೆ ಬಿಟ್ಟಿದ್ದೆವು.

ತಾಯಿಯವರು ಮನೆಗೆ ಬಂದ ಮೇಲೆ ವಿಚಾರಿಸಲು ಬಂದವರಲ್ಲಿ, ತಲೆಮಾರುಗಳಿಂದ ರೇಷ್ಮೆಹುಳು ಸಾಕುವ ಮನೆತನದ ಹಿರಿಯರೊಬ್ಬರಿದ್ದರು. ಅವರು ಬಚ್ಚಲೊಳಗೆ ಇಣಿಕಿ, "ಅಲ್ಲ ಸ್ವಾಮಿ, ಹುಳುಮನೆಗೆ ಎದುರುಬದುರು ಕಿಟಕಿ ಯಾಕ್ ಮಡಗ್ತೀವಿ? ಗಾಳಿ ಆಡ್ದಿದ್ರೆ ಹುಳಾನೇ ಉಳಿಯಾಕಿಲ್ಲ, ಮನುಷ್ರು ಉಳೀತಾರಾ?" ಎಂದರು.

ಮಾತು ನೆಟ್ಟಗೆ ಎದೆಗೆ ನಾಟಿತು. ಥಂಡಿಯ ದಿನಗಳಲ್ಲಿ ಹುಳುವಿಗೆ ಬರುವ ಸುಣ್ಣಕಟ್ಟು ರೋಗವನ್ನು ನಮ್ಮ ಸೀಮೆಯಲ್ಲಿ ಅರಿಯದವರಿಲ್ಲ. ಸತ್ತ ಹುಳು ಸುಣ್ಣದ ಕಡ್ಡಿಯಂತೆ ಬೆಳ್ಳಗೆ ಸೆಟೆಯುತ್ತದೆ. ಅದೂ ಒಂದು ಬಗೆಯ ಬೂಷ್ಟೇ. ಇಟಲಿಯ ಆಗೊಸ್ಟಿನೊ ಬಾಸ್ಸಿ ಎಂಬಾತನು ಇದನ್ನು 1835ರಲ್ಲಿ ತೋರಿಸಿಕೊಟ್ಟನು. ಪಾಸ್ತರನು ರೇಷ್ಮೆಹುಳುವಿನ ರೋಗಗಳಿಗೆ ಕೈಹಾಕಿದುದು ಅದಕ್ಕೆ ಮೂವತ್ತು ವರ್ಷಗಳ ತರುವಾಯ. ಹುಳುವಿನ ವಿಷಯದಲ್ಲಿ ಊರಿಗೆಲ್ಲ ಗೊತ್ತಿದ್ದುದು ನಮ್ಮ ಬಚ್ಚಲಿನ ವಿಷಯದಲ್ಲಿ ನಮಗೆ ಹೊಳೆದಿರಲಿಲ್ಲ.

ಬೂಷ್ಟಿನ ಬೀಜಕಣಗಳು ಸದಾ ಗಾಳಿಯಲ್ಲಿರತಕ್ಕವು. ಅವನ್ನು ಮನೆಯಿಂದ ಪೂರ್ತಿಯಾಗಿ ಹೊರಗಟ್ಟುವುದು ಯಾರಿಂದಲೂ ಆಗದು. ಅವಕ್ಕೆ ಆಹಾರ ಸೋಪಿನ ಜಿಡ್ಡು, ಮೈಯ ಕೊಳೆ. ಅದನ್ನೂ ಪೂರ್ತಿ ತಪ್ಪಿಸಲಾಗದು. ತಪ್ಪಿಸಬಹುದಾದುದು ತೇವವೊಂದನ್ನೇ. ನೆನೆದ ಜಾಗ 24ರಿಂದ 48 ಗಂಟೆಗಳೊಳಗೆ ಒಣಗಿದರೆ ಬಹುಮಟ್ಟಿಗೆ ಬೂಷ್ಟು ಬೇರೂರದು. ಹಳೆಯ ಬಚ್ಚಲಿನ ಕೆಂಡವೂ ಹೆಂಚಿನ ಸಂದುಗಳೂ ಆ ಕೆಲಸವನ್ನು ನಮಗೆ ತಿಳಿಯದೆಯೇ ಮಾಡುತ್ತಿದ್ದವು.

ಆದುದರಿಂದ ಮೊದಲು ಗೋಡೆಯೊಳಗೆ ಜಿನುಗುತ್ತಿದ್ದ ನಲ್ಲಿಯ ಕೊಳವೆಯನ್ನು ಸರಿಪಡಿಸಿದೆವು. ಕಿಟಕಿಗೆ ಸೊಳ್ಳೆಯ ಜಾಲರಿ ಹೊಡೆಸಿ ತೆರೆದೆವು. ಎದುರು ಗೋಡೆಯಲ್ಲಿ, ಆವಿ ಏರಿ ನಿಲ್ಲುವ ಚಾವಣಿಯ ಸಮೀಪಕ್ಕೆ, ಕಿಂಡಿಯೊಂದನ್ನು ಕೊರೆಯಿಸಿ ಗಾಳಿಯನ್ನು ಹೊರದೂಡುವ ಫ್ಯಾನನ್ನು ಕೂರಿಸಿದೆವು. ಕಡೆಯ ಸ್ನಾನವಾದ ಮೇಲೆ ಅದು ಅರ್ಧ ಗಂಟೆ ತಿರುಗುತ್ತದೆ, ಕರೆಂಟು ಇದ್ದರೆ.

ಬೂಷ್ಟನ್ನು ತೆಗೆದುದು ತಾಯಿಯವರನ್ನು ತಂಗಿಯ ಮನೆಗೆ ಕಳುಹಿಸಿದ ಮೇಲೆ. ಒಣಬೂಷ್ಟನ್ನು ಕೆರೆದರೆ ಬೀಜಕಣಗಳು ಮನೆಯೆಲ್ಲ ಹಾರುತ್ತವೆ; ಆದ್ದರಿಂದ ಮೊದಲು ಗೋಡೆಯನ್ನು ನೆನೆಸಿ, ಸೋಪಿನ ನೀರಿನಿಂದ ಉಜ್ಜಿದೆವು. ಟೈಲ್ಸಿನ ಸಂದುಗಳಿಗೆ ಹುಳುಮನೆಯ ಔಷಧವೇ ಆಯಿತು: ಒಂದು ಲೀಟರ್ ನೀರಿಗೆ 20 ಗ್ರಾಂ ಬ್ಲೀಚಿಂಗ್ ಪುಡಿ, 3 ಗ್ರಾಂ ಅರಳಿದ ಸುಣ್ಣ. ಬಾಗಿಲು ಕಿಟಕಿ ತೆರೆದು, ಮುಖಕ್ಕೆ ಮುಸುಕು, ಕೈಗೆ ರಬ್ಬರಿನ ಚೀಲ. ಹತ್ತು ನಿಮಿಷ ಬಿಟ್ಟು ಬರಿಯ ನೀರಿನಿಂದ ತೊಳೆದೆವು. ಆಸಿಡ್ಡಿನ ಬಾಟಲಿ ಆ ದಿನ ಮನೆಯಲ್ಲಿಯೇ ಇರಲಿಲ್ಲ. ಮೇಲಿನ ಗೋಡೆಯ ಬಣ್ಣವನ್ನು ಗಾರೆಯವರೆಗೆ ಕೆರೆಸಿ, ಒಣಗಿಸಿ, ಸುಣ್ಣ ಹೊಡೆಸಿದೆವು. ಸುಣ್ಣದ ಕ್ಷಾರಗುಣವನ್ನು ಬೂಷ್ಟು ತಾಳದು. ನುಣುಪು ಬಣ್ಣದಂತೆ ಅದು ಗೋಡೆಯ ತೇವವನ್ನು ಒಳಗೆ ಸೆರೆಹಿಡಿಯುವುದೂ ಇಲ್ಲ. ಆದರೆ ಗಾಳಿ ತಾಗಿದ ಸುಣ್ಣ ಕ್ರಮೇಣ ಸೀಮೆಸುಣ್ಣದಂತಾಗಿ ತನ್ನ ಖಾರವನ್ನು ಕಳೆದುಕೊಳ್ಳುತ್ತದೆ. ಹಿರಿಯರು ವರ್ಷ ವರ್ಷವೂ ಹಬ್ಬಕ್ಕೆ ಸುಣ್ಣ ಹೊಡೆಸುತ್ತಿದ್ದುದು ಬರಿಯ ಬೆಡಗಿಗಾಗಿ ಎಂದು ನಾವು ತಿಳಿದಿದ್ದೆವು.

ತಾಯಿಯವರ ಉಬ್ಬಸ ಪೂರ್ತಿ ಹೋಗಿಲ್ಲ, ಆದರೆ ರಾತ್ರಿಗಳಲ್ಲಿ ನಿದ್ದೆ ಬರುತ್ತಿದೆ. ಗೀಜರಿನ ಹಿಂದಿನ ಮೂಲೆಯೊಂದು ಮಾತ್ರ ಈಗಲೂ ಆಶ್ವಯುಜದಲ್ಲಿ ಕಪ್ಪಾಗುತ್ತದೆ. ಅಲ್ಲಿಗೆ ಕೈ ತೂರುವುದಿಲ್ಲ. ತಾಯಿಯವರು ಸ್ನಾನವಾದೊಡನೆ ತಾವೇ ನೆಲದ ನೀರನ್ನು ಎಳೆದು, ಕಿಟಕಿ ತೆರೆದಿದೆಯೇ ಎಂದು ನೋಡಿ ಹೊರಬರುತ್ತಾರೆ. ನಮ್ಮ ಮಗಳು ಹಲ್ಲಿಗೆ ಹೆದರಿ ಅದನ್ನು ಮತ್ತೆ ಮುಚ್ಚುತ್ತಾಳೆ. "ಹಲ್ಲಿ ಲೊಚಗುಡುತ್ತೆ ಅಷ್ಟೆ ಕಣಮ್ಮಾ, ಕಚ್ಚೋದಿಲ್ಲ" ಎಂದು ಅಜ್ಜಿ ಮತ್ತೆ ತೆರೆಯುತ್ತಾರೆ.