ಕಾಗೆ ಮುಟ್ಟುವ ಮುನ್ನ

ಅಮ್ಮ ಹಿತ್ತಲ ಕೋಣೆಯಲ್ಲಿ ಚಾಪೆ ಹಾಸಿಕೊಂಡು ಒಬ್ಬಳೇ ಏಕೆ ಕುಳಿತಿದ್ದಾಳೆಂದು ಮಗು ಕೇಳಿದರೆ, "ಕಾಗೆ ಮುಟ್ಟಿದೆ" ಎಂದು ಉತ್ತರ ಕೊಡುತ್ತಿದ್ದ ಕಾಲವೊಂದಿತ್ತು. ತ್ಯಾಮಗೊಂಡ್ಲುವಿನಂಥ ಊರುಗಳ ಹಲವು ಹಳೆಯ ಮನೆಗಳಲ್ಲಿ ಆ ಮೂರು ದಿನ ಹೆಂಗಸು ಒಲೆಯ ಬಳಿ ಸುಳಿಯುವಂತಿರಲಿಲ್ಲ. ಬಾವಿಯ ಹಗ್ಗ ಹಿಡಿಯುವಂತಿರಲಿಲ್ಲ. ಅವಮಾನಕರವಾದ ಪದ್ಧತಿ, ಬಹುಮಟ್ಟಿಗೆ ತೊಲಗಿದ್ದು ಒಳ್ಳೆಯದೇ ಆಯಿತು. ಆದರೆ ಅದರ ನೆಪದಲ್ಲಿ ದಣಿದ ಮೈಗೆ ದೊರೆಯುತ್ತಿದ್ದ ಅಲ್ಪ ವಿಶ್ರಾಂತಿಯೂ ಜೊತೆಯಲ್ಲೇ ಮನೆಬಿಟ್ಟು ಹೋದುದನ್ನು ಗಮನಿಸಿದವರು ಕಡಿಮೆ.

ಇಂದು ಅದೇ ಊರಿನ ಸೊಸೆ ಬೆಳಗಿನ ಅಡುಗೆ ಮುಗಿಸಿ, ನೆಲಮಂಗಲದ ಬಸ್ಸು ಹಿಡಿದು ಬೆಂಗಳೂರಿನ ಕಚೇರಿಗೆ ಹೋಗುತ್ತಾಳೆ. ತಿಂಗಳಲ್ಲಿ ನಾಲ್ಕಾರು ದಿನ ಅವಳಿಗೆ ಹಾಸಿಗೆ ಬಿಟ್ಟೇಳುವುದೇ ಕಷ್ಟ. ಅದೂ ಕಾಗೆ ಮುಟ್ಟುವ ಮೊದಲೇ! ಮುಟ್ಟೇ ಕಾಣದೆ ಆಯಾಸವೆಂದರೆ ನಂಬುವವರಾರು? ಅತ್ತೆಯ ಬಾಯಲ್ಲಿ ಅದು ಸೋಮಾರಿತನ. ಯಜಮಾನರ ಬಾಯಲ್ಲಿ ಮುಂಗೋಪ. ಕೊನೆಗೆ, ಪಾಪ, ಅವಳೂ ಹಾಗೆಯೇ ನಂಬತೊಡಗುತ್ತಾಳೆ.

ಶರೀರಶಾಸ್ತ್ರ ಹೇಳುವುದೇ ಬೇರೆ. ಅಂಡಾಶಯದಿಂದ ಅಂಡ ಹೊರಬಿದ್ದ ಬಳಿಕ ಸುಮಾರು 2 ವಾರ ಪ್ರೊಜೆಸ್ಟರಾನ್ ಎಂಬ ಹಾರ್ಮೋನಿನ ದರ್ಬಾರು. ಗರ್ಭಕೋಶವನ್ನು ಅಣಿಗೊಳಿಸುವುದು ಅದರ ಕೆಲಸ. ಅದರ ಪ್ರಭಾವದಿಂದ ಮೈಯ ಉಷ್ಣತೆ ಅರ್ಧ ಡಿಗ್ರಿ ಸೆಲ್ಸಿಯಸ್ಸಿನವರೆಗೆ ಏರುವುದುಂಟು. ಈ ದಿನಗಳಲ್ಲಿ ಕೆಲವರಿಗೆ ನಿದ್ರೆ ಕೆಡುವುದೂ ಉಂಟು. ಗರ್ಭ ನಿಲ್ಲದಿದ್ದರೆ ಅದೂ ಈಸ್ಟ್ರೊಜನ್ನೂ ಒಟ್ಟಿಗೆ ಇಳಿಯುತ್ತವೆ. ಈ ಏರಿಳಿತಕ್ಕೆ ಕೆಲವರ ಮೈಮನಸ್ಸು ಹೆಚ್ಚು ನಲುಗುತ್ತದೆ. ಮುಟ್ಟು ಆರಂಭವಾದ ಕೆಲವೇ ದಿನಗಳಲ್ಲಿ ಮಬ್ಬು ಹರಿಯುತ್ತದೆ.

ಹರಿಯದಿದ್ದರೆ? ಆಗ ಹಾರ್ಮೋನನ್ನೇ ದೂರುತ್ತ ಕೂರದೆ ರಕ್ತಪರೀಕ್ಷೆ ಮಾಡಿಸಬೇಕು. 100 ಮಿಲಿಲೀಟರ್ ರಕ್ತದಲ್ಲಿ ಹಿಮೋಗ್ಲೋಬಿನ್ 12 ಗ್ರಾಮಿಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಅದಿತ್ತು. ಸ್ರಾವ ಪ್ರತಿ ತಿಂಗಳೂ 80 ಮಿಲಿಲೀಟರ್ ಮೀರುತ್ತಿದ್ದರೆ ಮೈಯೊಳಗಿನ ಕಬ್ಬಿಣದ ಬೊಕ್ಕಸ ಬರಿದಾಗುತ್ತ ಹೋಗುತ್ತದೆ. ಎಲ್ಲರಿಗೂ ಬಡಿಸಿ ತಳದಲ್ಲುಳಿದುದನ್ನು ಉಣ್ಣುವವಳಿಗೆ, ಉಂಡ ಕೈಯಲ್ಲೇ ಕಾಫಿ ಕುಡಿಯುವವಳಿಗೆ, ಅದು ತುಂಬುವುದೆಂತು? ಕಾಫಿ ಕಬ್ಬಿಣವನ್ನು ಮೈಗೆ ಹತ್ತಗೊಡದು. ಸೊಪ್ಪಿನ ಪಲ್ಯಕ್ಕೆ ಹಿಂಡಿದ ನಿಂಬೆ ಹತ್ತಿಸುತ್ತದೆ.

ಊಟದ ಮಾತು ಹೀಗಾಯಿತು. ವಿಶ್ರಾಂತಿಯ ಮಾತು? 2025ರ ಅಕ್ಟೋಬರಿನಲ್ಲಿ ಕರ್ನಾಟಕದ ಸಚಿವ ಸಂಪುಟ ಉದ್ಯೋಗಸ್ಥ ಮಹಿಳೆಯರಿಗೆ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನಗಳ ಸಂಬಳಸಹಿತ ಮುಟ್ಟಿನ ರಜೆಗೆ ಒಪ್ಪಿಗೆಯಿತ್ತಿತು. ಕಚೇರಿಯ ಮಟ್ಟಿಗೆ ಸಂತೋಷ. ರಜೆ ಹಾಕಿ ಮಲಗಿದ ಸೊಸೆಗೆ, "ಹೇಗೂ ಮನೇಲೇ ಇದ್ದೀಯಲ್ಲಮ್ಮ, ಆ ರಾಗಿ ಒಂದಿಷ್ಟು ಹಸನು ಮಾಡಿಬಿಡು" ಎನ್ನದಿರಲು ಯಾವ ಸಂಪುಟದ ಒಪ್ಪಿಗೆ ಬೇಕೊ!